ಟೈಂ ಮೆಷೀನ್ ಹತ್ತಿದ ಸೊಸೆ

ನಮ್ಮ ಧಾರಾವಾಹಿಗಳಲ್ಲಿ ಹಾವು ಹೆಣ್ಣಾಗುತ್ತೆ, ಸತ್ತವರು ಹೊಸ ಮುಖ ಹೊತ್ತು ಎದ್ದು ಬರ್ತಾರೆ, ಹೋದ ಜನ್ಮದ ಸೇಡು ಈ ಜನ್ಮದಲ್ಲಿ ತೀರುತ್ತೆ. ಇಷ್ಟನ್ನೆಲ್ಲ ಒಪ್ಪಿಕೊಂಡು ನೋಡುವ ಜನಕ್ಕೆ ಟೈಂ ಟ್ರಾವೆಲ್ ಕಥೆ ಅರ್ಥ ಆಗಲ್ಲ ಅಂತ ಯಾರಾದರೂ ಅಂದರೆ ನನಗೆ ನಗು ಬರುತ್ತೆ.

ಭಾಗವತದಲ್ಲೇ ಇದೆಯಲ್ಲ! ಕಕುದ್ಮಿ ರಾಜ ತನ್ನ ಮಗಳು ರೇವತಿಗೆ ಯಾವ ವರ ಸರಿ ಅಂತ ಕೇಳೋಕೆ ಬ್ರಹ್ಮಲೋಕಕ್ಕೆ ಹೋಗ್ತಾನೆ. ಅಲ್ಲಿ ಗಾಯನ ನಡೀತಿರುತ್ತೆ, ಮುಗಿಯೋವರೆಗೆ ಕಾಯ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತೆ. ಅವನು ಅಂದುಕೊಂಡಿದ್ದ ವರಗಳೂ ಇಲ್ಲ, ಅವರ ಮೊಮ್ಮಕ್ಕಳೂ ಇಲ್ಲ. ರೇವತಿಗೇನೋ ಬಲರಾಮ ಸಿಕ್ಕ. ಆದರೆ ಕಕುದ್ಮಿಗೆ ತನ್ನ ಕಾಲಕ್ಕೆ ವಾಪಸ್ ಹೋಗೋ ದಾರಿ ಇಲ್ಲ. ಕಥೆಗೆ ತೂಕ ಬಂದಿರೋದೇ ಅಲ್ಲಿ.

ಹಾಗಾದರೆ ಟೀವಿಯಲ್ಲಿ ಯಾಕೆ ಕಷ್ಟ? ದುಡ್ಡಿಲ್ಲ ಅನ್ನೋದು ಸುಲಭದ ಉತ್ತರ. ಹಳೇ ಕಾಲ ತೋರಿಸಬೇಕಾದರೆ ಕರೆಂಟ್ ಕಂಬ, ಮೊಬೈಲ್ ಟವರ್ ಎಲ್ಲ ಮರೆಮಾಡಬೇಕು ನಿಜ. ಆದರೆ ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ತೋರಿಸಲಿಲ್ಲವೇ? 1991ರ 'ಆದಿತ್ಯ 369' ಕೃಷ್ಣದೇವರಾಯನ ಕಾಲಕ್ಕೇ ಹೋಗಿ ಬಂತು. 2024ರಲ್ಲಿ ಕನ್ನಡದ್ದೇ 'ಬ್ಲಿಂಕ್' ಬಂತು. ಸಿನಿಮಾದವರಿಗೆ ಆಗಿದ್ದು ದಿನದ ಧಾರಾವಾಹಿಗೆ ಆಗದೇ ಇರೋದಕ್ಕೆ ಕಾರಣ ಬೇರೆ.

ಧಾರಾವಾಹಿ ಬರೆಯೋರಿಗೆ ಕಥೆ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿರಲ್ಲ. ಟಿಆರ್‌ಪಿ ಇದ್ದರೆ ಸಾವಿರ ಕಂತು, ಇಲ್ಲದಿದ್ದರೆ ಬರೋ ತಿಂಗಳೇ ಮಂಗಳ. ಟೈಂ ಟ್ರಾವೆಲ್ ಕಥೆಗೆ ಮಾತ್ರ ಕೊನೆ ಗೊತ್ತಿಲ್ಲದೆ ಮೊದಲ ಕಂತು ಬರೆಯೋಕೇ ಆಗಲ್ಲ. ಜರ್ಮನ್ ಸರಣಿ 'ಡಾರ್ಕ್' (2017-2020) 26 ಕಂತಿಗೆ ಮುಗೀತು, ಅದಕ್ಕೇ ಗಂಟು ಬಿಚ್ಚಿಕೊಂಡಿತು. ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದು ಬೇಗ ಹೊಳೆಯುತ್ತೆ. ಹತ್ತು ವರ್ಷದ ಹಿಂದಿನ ಕೋಡಿನ ಒಂದು ಸಾಲು ಮುಟ್ಟಿ ನೋಡಿ, ಅದನ್ನು ನಂಬಿಕೊಂಡಿದ್ದ ಎಲ್ಲೆಲ್ಲಿನದೋ ಕೆಟ್ಟು ಕೂರುತ್ತೆ. ಕಥೆಯೂ ಹಾಗೇ.

ಎರಡನೇ ತೊಂದರೆ ಇನ್ನೂ ದೊಡ್ಡದು. ಯಂತ್ರ ಯಾವಾಗಲೂ ಕೈಗೆ ಸಿಗೋ ಹಾಗಿದ್ದರೆ ಯಾರು ಸತ್ತರೂ ನೋಡೋರು ಅಳೋದಿಲ್ಲ. "ಹಿಂದಕ್ಕೆ ಹೋಗಿ ಬದುಕಿಸಿಕೊಂಡು ಬರ್ತಾಳೆ ಬಿಡು" ಅಂತ ಎದ್ದು ಅನ್ನಕ್ಕಿಡೋಕೆ ಹೋಗ್ತಾರೆ :-)

ನನ್ನ ಪ್ರಕಾರ ಇದಕ್ಕೆ ಪರಿಹಾರ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲೇ ಇದೆ. ಸೊಸೆಯನ್ನು 1920ರ ಕೆ.ಆರ್. ನಗರಕ್ಕೆ ಕಳಿಸಿ. ಅಲ್ಲಿ ಆ ಊರೇ ಇಲ್ಲ! ಹೊಳೆ ದಡದಲ್ಲಿ ಎಡತೊರೆ ಇದೆ. ಕಾವೇರಿ ಪ್ರವಾಹ ಆದಮೇಲೆ ತಾನೇ ನಾಲ್ವಡಿಯವರ ಕಾಲದಲ್ಲಿ ಹೊಸ ಊರು ಕಟ್ಟಿದ್ದು. "ಕೆ.ಆರ್. ನಗರ ಯಾವ ಕಡೆ?" ಅಂದರೆ "ಅದ್ಯಾವೂರವ್ವ?" ಅಂತಾರೆ. ಪಿರಿಯಾಪಟ್ಟಣದ ಕಡೆ 1950ಕ್ಕೆ ಹೋದರೆ ಬೈಲಕುಪ್ಪೆಯಲ್ಲಿ ಒಬ್ಬ ಟಿಬೆಟಿಯನ್ನೂ ಸಿಗಲ್ಲ. ಹುಣಸೂರಿನ ಹಳ್ಳಿಯಲ್ಲಿ 1970ರ ಗೇಣಿದಾರನ ಹತ್ತಿರ "ಇನ್ನು ನಾಲ್ಕು ವರ್ಷಕ್ಕೆ ಕಾನೂನು ಬರುತ್ತೆ, ಈ ಹೊಲ ನಿಂದೇ ಆಗುತ್ತೆ, ಅದನ್ನು ತರೋನು ನಿಮ್ಮ ಕಲ್ಲಹಳ್ಳಿ ದೇವರಾಜ ಅರಸು" ಅಂದರೆ ಅವನು ನಂಬ್ತಾನಾ? ಈ ದೃಶ್ಯಕ್ಕೆ ಗ್ರಾಫಿಕ್ಸ್ ಬೇಕಾ ಹೇಳಿ.

ಈಗ ಎಚ್.ಡಿ. ಕೋಟೆ. ಕಬಿನಿ ಅಣೆಕಟ್ಟು 1974ರಲ್ಲಿ ಮುಗೀತು, ಹಳ್ಳಿಗಳು ನೀರಿನಡಿ ಹೋದವು. ಒಬ್ಬ ಹುಡುಗಿ ಹಿಂದಕ್ಕೆ ಹೋಗಿ, ತಾತನ ಊರು ಉಳಿಸೋಕೆ ಅಣೆಕಟ್ಟೆಯನ್ನೇ ತಪ್ಪಿಸ್ತಾಳೆ ಅನ್ನಿ. ಆದರೆ ಊರು ಮುಳುಗಿ ಒಕ್ಕಲೆದ್ದಿದ್ದಕ್ಕೇ ತಾತ ಹೊಸ ಹಳ್ಳಿಗೆ ಬಂದಿದ್ದು, ಅಲ್ಲೇ ಅಜ್ಜಿ ಸಿಕ್ಕಿದ್ದು. ಊರು ಉಳಿದರೆ ಇವಳೇ ಹುಟ್ಟೋದಿಲ್ಲ. ಹಾಗಾಗಿ ನಿಯಮ ಒಂದೇ ಇರಲಿ: ನೋಡಬಹುದು, ಮಾತಾಡಬಹುದು, ತಿದ್ದೋ ಹಾಗಿಲ್ಲ. ಆಗ ಅವಳು ಮುಳುಗಲಿರೋ ಮನೆಯ ಜಗುಲಿಯಲ್ಲಿ ಕೂತು ಮುತ್ತಜ್ಜಿ ಕೈಯ ಮುದ್ದೆ ಉಣ್ಣೋದನ್ನ ನೋಡೋಕೆ ಯಾವ ವಿಲನ್ನೂ ಬೇಡ.

ಅಂಥ ಧಾರಾವಾಹಿ ನೂರು ಕಂತಿಗೆ ಮುಗಿಯಲಿ, ತೊಂದರೆ ಇಲ್ಲ. ಆದರೆ ಬೇಗ ಬರಲಿ. ನೀರು ಬಂದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಆ ಬೀದಿ ಹೇಗಿತ್ತು, ಗುಡಿ ಯಾವ ದಿಕ್ಕಿಗಿತ್ತು ಅಂತ ಹೇಳೋಕೆ ಉಳಿದಿರೋರು ಅವರೇ. ಅವರೂ ಹೋದಮೇಲೆ ಎಂಥ ಟೈಂ ಮೆಷೀನ್ ಹತ್ತಿದರೂ ಅಲ್ಲಿಗೆ ದಾರಿ ಯಾರನ್ನ ಕೇಳ್ತೀರಿ?