ನಿಂತ ಲಾರಿಯೂ ಓಡುವ ಕಾರೂ

ರೈಲಿನ ಕಿಟಕಿಯ ಬಳಿ ಕುಳಿತ ಮಗುವು ಮರಗಳು ಓಡುತ್ತಿವೆಯೆಂದು ಚಪ್ಪಾಳೆ ತಟ್ಟುವುದನ್ನು ನಾವೆಲ್ಲರೂ ಕಂಡಿರುವೆವು. ಈಚಿನ ಮೋಟಾರುಗಳ ಮುಂಭಾಗದಲ್ಲಿ ಅಡಗಿಸಿಟ್ಟಿರುವ ರೇಡಾರ್ ಯಂತ್ರಕ್ಕೂ ಲೋಕವು ಹಾಗೆಯೇ ಕಾಣುವುದು. ಅದರ ಪಾಲಿಗೆ ತಾನು ನಿಂತಿದೆ, ಉಳಿದುದೆಲ್ಲವೂ ಓಡುತ್ತಿದೆ.

ಈ ಯಂತ್ರವು ರೇಡಿಯೋ ಅಲೆಗಳನ್ನು ಮುಂದಕ್ಕೆ ಕಳುಹಿಸಿ, ಮರಳಿ ಬರುವ ಮಾರ್ದನಿಯನ್ನು ಪರೀಕ್ಷಿಸುತ್ತದೆ. ಸಮೀಪಿಸುವ ವಸ್ತುವಿಗೆ ತಗುಲಿ ಬಂದ ಅಲೆಯ ಕಂಪನಸಂಖ್ಯೆಯು ಏರುವುದು. ದೂರ ಸರಿಯುವುದರಿಂದ ಬಂದುದು ಇಳಿಯುವುದು. 1842ರಲ್ಲಿ ಆಸ್ಟ್ರಿಯದ ಪಂಡಿತ ಕ್ರಿಸ್ಟಿಯನ್ ಡಾಪ್ಲರನು ನಿರೂಪಿಸಿದ ತತ್ತ್ವವಿದು. ಕೂಗುತ್ತ ಬಂದ ಇಂಜಿನ್ನು ನಮ್ಮನ್ನು ದಾಟಿದೊಡನೆ ಅದರ ಸಿಳ್ಳಿನ ಸ್ವರವು ತಗ್ಗುವುದನ್ನು ಕೇಳಿದವರಿಗೆ ಇದೇನೂ ಹೊಸದಲ್ಲ.

ನಮ್ಮ ಕಾರು ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆಯೆಂದು ಭಾವಿಸೋಣ. ಎದುರಿಗೆ ನಿಂತಿರುವ ಲಾರಿಯು ಯಂತ್ರದ ಲೆಕ್ಕಕ್ಕೆ 72ರ ವೇಗದಲ್ಲಿ ನಮ್ಮತ್ತ ಧಾವಿಸುತ್ತಿರುವುದು. ನಮ್ಮ ಮುಂದೆಯೇ 60ರಲ್ಲಿ ಹೋಗುತ್ತಿರುವ ಕಾರಾದರೋ 12ರ ವೇಗದಲ್ಲಿ ಮಾತ್ರ ಸಮೀಪಿಸುವುದು. ಆದುದರಿಂದ ಯಂತ್ರವು ಚಕ್ರಗಳಿಂದ ನಮ್ಮ ವೇಗವನ್ನು ತಿಳಿದುಕೊಂಡು ಹೋಲಿಸುತ್ತದೆ. ಎರಡೂ ಸಮನಾದರೆ ಎದುರಿನ ವಸ್ತುವು ನಿಂತಿದೆಯೆಂದೇ ಅರ್ಥ. ಓರೆಯಲ್ಲಿರುವುದಕ್ಕೆ ಕೋನವನ್ನೂ ಲೆಕ್ಕಿಸಬೇಕು; 60 ಡಿಗ್ರಿ ಪಕ್ಕಕ್ಕಿರುವ ಮರವು 36ರ ವೇಗದಲ್ಲಷ್ಟೇ ಬರುವಂತೆ ತೋರುವುದು.

ಇಷ್ಟು ಸುಲಭ. ತೊಡಕಿರುವುದು ಮುಂದೆ. ನಿಂತಿರುವುದು ಲಾರಿಯೊಂದೇ ಅಲ್ಲವಷ್ಟೆ! ಮೇಲ್ಸೇತುವೆ, ದಾರಿಯ ಫಲಕ, ಚರಂಡಿಯ ಕಬ್ಬಿಣದ ಮುಚ್ಚಳ, ಇವೂ ನಿಂತೇ ಇವೆ. ಎತ್ತರವನ್ನು ಅಳೆಯಲಾರದ ಯಂತ್ರಕ್ಕೆ ತಲೆಯ ಮೇಲಿನ ಸೇತುವೆಗೂ ಎದುರಿನ ಲಾರಿಗೂ ಭೇದ ತಿಳಿಯದು. ಪ್ರತಿಯೊಂದಕ್ಕೂ ಬ್ರೇಕು ಹಾಕಿದರೆ ಹಿಂದಿನಿಂದ ಬರುವವರ ಗತಿಯೇನು? ಈ ಭಯದಿಂದ ಅನೇಕ ಯಂತ್ರಗಳನ್ನು, ನಿಂತ ವಸ್ತುಗಳನ್ನು ಬಹುಮಟ್ಟಿಗೆ ಗಣಿಸದಂತೆಯೇ ರಚಿಸಿದರು.

2018ರ ಜನವರಿ 22ರಂದು ಅಮೆರಿಕದ ಕ್ಯಾಲಿಫೋರ್ನಿಯದ ಕಲ್ವರ್ ಸಿಟಿಯಲ್ಲಿ, ರೇಡಾರೂ ಕ್ಯಾಮೆರಾವೂ ಇದ್ದ ಟೆಸ್ಲಾ ಕಾರೊಂದು ಯಂತ್ರದ ವಶದಲ್ಲಿ ಸಾಗುತ್ತಿದ್ದಿತು. ಮುಂದಿನ ವಾಹನವು ಪಕ್ಕಕ್ಕೆ ಸರಿಯಲು, ಕಾರು ವೇಗವನ್ನು ಹೆಚ್ಚಿಸಿಕೊಂಡಿತು. ಎದುರಿಗೆ ಬೆಂಕಿಯಾರಿಸುವ ದೊಡ್ಡ ಗಾಡಿ ನಿಂತಿದ್ದಿತು! ಡಿಕ್ಕಿಯಾದಾಗಿನ ವೇಗವು ಗಂಟೆಗೆ ಸುಮಾರು 50 ಕಿಲೋಮೀಟರು. ಪುಣ್ಯವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ತನಿಖೆ ನಡೆಸಿದವರು ಚಾಲಕನ ಅನವಧಾನವನ್ನೂ ಅತಿನಂಬಿಕೆಯನ್ನೂ, ಅದಕ್ಕೆ ಎಡೆಗೊಟ್ಟ ಯಂತ್ರದ ರಚನೆಯನ್ನೂ ಕಾರಣವೆಂದರು.

ಎತ್ತರವನ್ನೂ ಅಳೆಯುವ ರೇಡಾರುಗಳು ಈಗ ಬಂದಿವೆ. ಆದರೂ ನಿಂತ ವಾಹನಗಳನ್ನು ಯಂತ್ರವು ಗುರುತಿಸದೆ ಹೋಗಬಹುದೆಂಬ ಎಚ್ಚರಿಕೆಯನ್ನು ಅನೇಕ ಕಾರುಗಳ ಕೈಪಿಡಿಗಳಲ್ಲಿ ಇನ್ನೂ ಮುದ್ರಿಸುತ್ತಾರೆ. ಕಾರು ಕೊಂಡ ದಿನ ಪೆಟ್ಟಿಗೆಯಲ್ಲಿಟ್ಟ ಆ ಪುಸ್ತಕವನ್ನು ನಮ್ಮಲ್ಲಿ ಎಷ್ಟು ಮಂದಿ ತೆರೆದಿದ್ದೇವೆ?