ಪರಿವಿಡಿಯೇನು ರಂಗೋಲಿಯೇ?

ಕನ್ನಡ ಪುಸ್ತಕಗಳ ಪರಿವಿಡಿ ನೋಡಿದ್ದೀರಾ? ಅಧ್ಯಾಯದ ಹೆಸರಿನಿಂದ ಪುಟಸಂಖ್ಯೆವರೆಗೆ ಸಾಲು ಚುಕ್ಕಿಗಳು... ಕೊನೆಗೆ ಅಂಕಿ ಒಂದು ಒಳಗೆ, ಇನ್ನೊಂದು ಹೊರಗೆ! ಡಿಟಿಪಿ ಮಾಡಿದವರು ಫುಲ್‌ಸ್ಟಾಪ್ ಕೀಲಿ ಕುಟ್ಟಿದ್ದಾರೆ, ಅಷ್ಟೇ. ಅಕ್ಷರಗಳ ಅಗಲ ಬೇರೆಬೇರೆ ಇರುವಾಗ ಚುಕ್ಕಿ ಎಣಿಸಿ ಅಂಚು ಕೂಡಿಸೋದು ಬ್ರಹ್ಮನಿಂದಲೂ ಆಗದು.

2001ರ ಪೇಜ್‌ಮೇಕರ್ 7ರಲ್ಲೇ ಇದಕ್ಕೆ ಸೌಲಭ್ಯವಿತ್ತು. ಇನ್‌ಡಿಸೈನ್‌ನಲ್ಲಿ ಕಂಟ್ರೋಲ್-ಶಿಫ್ಟ್-ಟಿ ಒತ್ತಿ, ಬಲಕ್ಕೆ ಹೊಂದಿಸುವ ಟ್ಯಾಬ್ ಇಟ್ಟು, ಲೀಡರ್ ಖಾನೆಯಲ್ಲಿ ಒಂದು ಚುಕ್ಕಿ ಹಾಕಿ. ಹೆಸರಿಗೂ ಅಂಕಿಗೂ ನಡುವೆ ಒಂದೇ ಟ್ಯಾಬ್. ಮುಗೀತು!

"ನೋಡೋಕೆ ಸರಿಯಿದ್ರೆ ಸಾಕು" ಅಂತೀರಾ? ಕುಟ್ಟಿದ ಚುಕ್ಕಿ ಫೈಲಿನಲ್ಲಿ ಪಠ್ಯವಾಗಿಯೇ ಉಳಿಯುತ್ತೆ. ನಾಳೆ ಅದು ಇ-ಪುಸ್ತಕವಾದಾಗ, ಸ್ಕ್ರೀನ್ ರೀಡರ್ ನಂಬಿದ ಅಂಧ ಓದುಗರು "ಡಾಟ್ ಡಾಟ್ ಡಾಟ್" ಕೇಳುತ್ತಾ ಕೂರಬೇಕೇ?

ಎಣಿಸಿ ಚುಕ್ಕಿ ಇಡೋದು ರಂಗೋಲಿಗಿರಲಿ ಸ್ವಾಮಿ. ಏನಂತೀರಾ?