ಏಜೆಂಟನ ಸ್ವಾತಂತ್ರ್ಯ ಎರಡನೇ ಕಂತಿನಲ್ಲಿದೆ

ಲಕ್ಕವಳ್ಳಿಯಂಥ ಊರಿನಲ್ಲಿ ವಿಮಾ ಏಜೆನ್ಸಿ ಹಿಡಿಯಬೇಕೆಂದು ಹೊರಟವರಿಗೆ ಈಗ ಎರಡು ಕಡೆಯಿಂದ ಕರೆ. ಒಂದು ಕಡೆ ಪೇಟೆಯ ಶಾಖೆಯ ಡೆವಲಪ್‌ಮೆಂಟ್ ಆಫೀಸರ್: ‘ನಮ್ಮ ಕಂಪನಿಗೆ ಸೇರಿ, ಹೆಸರಿದೆ, ಜನ ನಂಬುತ್ತಾರೆ.’ ಇನ್ನೊಂದು ಕಡೆ ಮೊಬೈಲಿನ ಜಾಹೀರಾತು: ‘ಒಂದೇ ಕಂಪನಿಗೆ ಯಾಕೆ ಜೋತು ಬೀಳುತ್ತೀರಿ? ಹತ್ತಾರು ಕಂಪನಿಗಳ ಪಾಲಿಸಿ ಮಾರಿ, ನಿಮಗೆ ನೀವೇ ಧಣಿ.’ ಎರಡನೆಯ ಮಾತು ಕಿವಿಗೆ ಹಿತ. ಭದ್ರಾ ಅಣೆಕಟ್ಟೆಯ ಬುಡದ ಊರಿನಲ್ಲಿ ಪಿಯುಸಿಯೋ ಡಿಗ್ರಿಯೋ ಮುಗಿಸಿ, ಬೆಂಗಳೂರಿಗೆ ಹೋಗಲು ಮನಸ್ಸಿಲ್ಲದೆ, ಮನೆಯ ತೋಟವನ್ನೇ ನಂಬಿಕೊಳ್ಳುವಷ್ಟು ಎಕರೆಯೂ ಇಲ್ಲದೆ ಉಳಿದವರಿಗೆ ‘ಧಣಿ’ ಎಂಬ ಪದವೇ ಅರ್ಧ ಸಂಬಳ. ಆದರೆ ಕಂಪನಿಯೋ ಸ್ವತಂತ್ರವೋ ಎಂಬ ಈ ಪ್ರಶ್ನೆಯನ್ನೇ ನಾವು ಸೊಟ್ಟಗೆ ಕೇಳಿಕೊಳ್ಳುತ್ತಿದ್ದೇವೆ ಎಂಬುದು ನನ್ನ ವಾದ. ಏಜೆಂಟನ ಸ್ವಾತಂತ್ರ್ಯ ಅವನ ಚೀಲದಲ್ಲಿ ಎಷ್ಟು ಕಂಪನಿಗಳ ಕರಪತ್ರಗಳಿವೆ ಎಂಬುದರಲ್ಲಿಲ್ಲ. ಅವನು ಮಾಡಿಸಿದ ಪಾಲಿಸಿಗಳಲ್ಲಿ ಎಷ್ಟಕ್ಕೆ ಎರಡನೆಯ, ಐದನೆಯ, ಹತ್ತನೆಯ ಕಂತು ಬೀಳುತ್ತದೆ ಎಂಬುದರಲ್ಲಿದೆ.

‘ಸ್ವತಂತ್ರ ಏಜೆಂಟ್’ ಎಂಬ ಕಲ್ಪನೆ ಬಂದಿರುವುದು ಅಮೆರಿಕದಿಂದ. ಅಲ್ಲಿ ಒಂದೇ ಕಂಪನಿಗೆ ಕಟ್ಟುಬಿದ್ದವರೂ ಇದ್ದಾರೆ, ಹಲವು ಕಂಪನಿಗಳ ಪಾಲಿಸಿ ಮಾರುವವರೂ ಇದ್ದಾರೆ. ಎರಡನೆಯವರಿಗೆ ತಮ್ಮ ಗಿರಾಕಿಗಳ ನವೀಕರಣದ ಹಕ್ಕು ಸಾಮಾನ್ಯವಾಗಿ ತಮ್ಮದೇ ಆಸ್ತಿ. ಮಾರಬಹುದು, ಮಕ್ಕಳಿಗೆ ಬಿಡಬಹುದು. ನಮ್ಮ ಕಾನೂನು ಹಾಗಿಲ್ಲ. 1938ರ ವಿಮಾ ಕಾಯ್ದೆ ಮತ್ತು ಅದಕ್ಕೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ವ್ಯಕ್ತಿಯಾಗಿ ಏಜೆಂಟ್ ಆಗುವವರು ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಬೆಳೆ ವಿಮೆಯಂಥ ಒಂದೇ ಬಾಬಿನ ಕಂಪನಿ ಬೇಕಿದ್ದರೆ ಅದೂ ಒಂದು. ಒಟ್ಟಿಗೆ ಎರಡು ಜೀವ ವಿಮಾ ಕಂಪನಿಗಳಿಗೆ ಏಜೆಂಟ್ ಆಗುವಂತಿಲ್ಲ. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಈ ಮೂರೂ ಬಾಬುಗಳನ್ನು ಒಬ್ಬರೇ ಇಟ್ಟುಕೊಳ್ಳಬಹುದು. ಬಾಂಡು ಮಾಡಿಸಿದವರೇ ಟ್ರ್ಯಾಕ್ಟರಿಗೂ ಬೈಕಿಗೂ ಮನೆಮಂದಿಯ ಆಸ್ಪತ್ರೆ ಖರ್ಚಿಗೂ ವಿಮೆ ಮಾಡಿಸಿಕೊಡಲು ಅಡ್ಡಿಯಿಲ್ಲ. ಹತ್ತನೇ ತರಗತಿ ಪಾಸಾಗಿ, ಕಂಪನಿ ಕೊಡುವ ತರಬೇತಿ ಮುಗಿಸಿ, ಪರೀಕ್ಷೆ ಬರೆದರೆ ಸಾಕು. ನಮ್ಮಲ್ಲಿ ಹೆಚ್ಚಿನವರು ಮೊದಲ ಬಾಗಿಲಲ್ಲೇ ನಿಂತು, ಉಳಿದೆರಡು ಬಾಗಿಲು ಬೇರೆಯವರದೆಂದು ತಿಳಿದುಕೊಂಡಿದ್ದಾರೆ.

ಹಾಗಾದರೆ ಹತ್ತಾರು ಕಂಪನಿಗಳನ್ನು ತೋರಿಸುವ ಆ್ಯಪ್‌ಗಳು ಏನು? ಅವುಗಳಲ್ಲಿ ಹೆಸರು ನೋಂದಾಯಿಸಿದವರು ಬಹುಪಾಲು ‘ಪಾಯಿಂಟ್ ಆಫ್ ಸೇಲ್ಸ್’ ವ್ಯಕ್ತಿಗಳು. 2015ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹುಟ್ಟುಹಾಕಿದ ವರ್ಗ ಅದು. ಹದಿನೈದು ಗಂಟೆಯ ತರಬೇತಿ, ಸುಲಭದ ಪರೀಕ್ಷೆ, ಮೊದಲೇ ಷರತ್ತು ನಿಗದಿಯಾದ ಸರಳ ಪಾಲಿಸಿಗಳನ್ನು ಮಾತ್ರ ಮಾರುವ ಅಧಿಕಾರ. ಬೈಕು, ಕಾರಿನ ವಿಮೆಗೆ ಇದು ಧಾರಾಳ ಸಾಕು. ಆದರೆ ಹೀಗೆ ಸೇರಿದವರು ಕಂಪನಿಗಳಿಂದ ಬಿಡಿಸಿಕೊಂಡು ಒಂದು ದಲ್ಲಾಳಿ ಸಂಸ್ಥೆಗೆ ಕಟ್ಟಿಸಿಕೊಂಡಿದ್ದಾರೆ ಅಷ್ಟೆ. ಗಿರಾಕಿಯ ಫೋನ್ ನಂಬರು, ನವೀಕರಣದ ದಿನಾಂಕ, ಸಂದೇಶ ಕಳಿಸುವ ಯಂತ್ರ ಎಲ್ಲವೂ ಆ ಸಂಸ್ಥೆಯ ಕೈಯಲ್ಲಿ. ಮುಂದಿನ ವರ್ಷ ಗಿರಾಕಿ ಅದೇ ಆ್ಯಪಿನಲ್ಲಿ ನೇರವಾಗಿ ದುಡ್ಡು ಕಟ್ಟಿಬಿಟ್ಟರೆ ನಡುವೆ ನಿಂತವರಿಗೆ ಉಳಿಯುವುದೇನು ಎಂದು ಸೇರುವ ಮೊದಲು ಕೇಳುವವರು ಕಡಿಮೆ. ನಿಜವಾದ ಅರ್ಥದಲ್ಲಿ ಎಲ್ಲ ಕಂಪನಿಗಳ ಪಾಲಿಸಿ ಮಾರುವ ಬ್ರೋಕರ್ ಆಗಬೇಕೆಂದರೆ 75 ಲಕ್ಷ ರೂಪಾಯಿ ಬಂಡವಾಳ ತೋರಿಸಬೇಕು. ಅದಕ್ಕಿಂತ ಕೆಳಗಿನ ಮೆಟ್ಟಿಲು ವಿಮಾ ಮಾರ್ಕೆಟಿಂಗ್ ಸಂಸ್ಥೆ. ಅದಕ್ಕೆ 10 ಲಕ್ಷ ರೂಪಾಯಿ ನಿವ್ವಳ ಆಸ್ತಿ ಬೇಕು, 2022ರ ಬದಲಾವಣೆಯ ನಂತರ ಪ್ರತಿ ಬಾಬಿನಲ್ಲಿ ಆರು ಕಂಪನಿಗಳ ಜತೆ ಒಪ್ಪಂದ ಮಾಡಿಕೊಳ್ಳಬಹುದು. ಐದಾರು ವರ್ಷ ದುಡಿದು ಗಿರಾಕಿಗಳನ್ನು ಕಟ್ಟಿಕೊಂಡ ಮೂರು–ನಾಲ್ಕು ಏಜೆಂಟರು ಕೂಡಿ ಏರಬಹುದಾದ ಮೆಟ್ಟಿಲು ಇದು. ಮೊದಲ ದಿನವೇ ಹಾರುವಂಥದ್ದಲ್ಲ.

ಈಗ ದುಡ್ಡಿನ ಲೆಕ್ಕ. ಹಳ್ಳಿಯ ಹೆಣ್ಣುಮಕ್ಕಳನ್ನು ಏಜೆಂಟರನ್ನಾಗಿಸಲು 2024ರ ಡಿಸೆಂಬರ್‌ನಲ್ಲಿ ಶುರುವಾದ ಎಲ್‌ಐಸಿಯ ‘ಬಿಮಾ ಸಖಿ’ ಯೋಜನೆಯಲ್ಲಿ ಮೊದಲ ವರ್ಷದ ಗುರಿ 24 ಪಾಲಿಸಿ. ಅದನ್ನೇ ಹಿಡಿಯೋಣ. ಪಾಲಿಸಿಯೊಂದಕ್ಕೆ ವರ್ಷದ ಪ್ರೀಮಿಯಂ 15,000 ರೂಪಾಯಿ, ನವೀಕರಣದ ಕಮಿಷನ್ ಶೇ 5 ಎಂದಿಟ್ಟುಕೊಂಡರೆ, ಒಂದು ವರ್ಷದ ದುಡಿಮೆ ಮುಂದಿನ ಪ್ರತಿ ವರ್ಷ 18,000 ರೂಪಾಯಿ ತರುತ್ತದೆ. ಹತ್ತು ವರ್ಷ ಇದೇ ಗತಿಯಲ್ಲಿ ನಡೆದು ಎಲ್ಲ ಪಾಲಿಸಿಗಳೂ ಜೀವಂತವಾಗಿದ್ದರೆ ಹೊಸದೊಂದನ್ನೂ ಮಾಡಿಸದೆ ವರ್ಷಕ್ಕೆ 1.80 ಲಕ್ಷ. ಎಲ್ಲವೂ ಉಳಿಯುವುದಿಲ್ಲ. ಎಲ್‌ಐಸಿಯಲ್ಲೇ 61ನೇ ತಿಂಗಳ ಹೊತ್ತಿಗೆ ಪ್ರೀಮಿಯಂ ಲೆಕ್ಕದಲ್ಲಿ ಚಾಲ್ತಿಯಲ್ಲಿರುವುದು ಸುಮಾರು ಶೇ 60ರಷ್ಟು. ಆ ಪ್ರಮಾಣದಲ್ಲಿ ತಿಂಗಳಿಗೆ 9,000 ರೂಪಾಯಿ ಸಿಗುತ್ತದೆ. ಶೇ 90ರಷ್ಟನ್ನು ಉಳಿಸಿಕೊಂಡವರಿಗೆ 13,500. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಮಾರ್ಚ್ ತಿಂಗಳಲ್ಲಿ ಶಾಖೆಯವರು ‘ಟಾರ್ಗೆಟ್ಟಿಗೆ ಇನ್ನೆರಡು ಕಡಿಮೆ ಇದೆ, ಯಾರಿಗಾದರೂ ಮಾಡಿಸಿ’ ಎಂದಾಗ ‘ಆಗುವುದಿಲ್ಲ ಸಾರ್’ ಎನ್ನುವ ಧೈರ್ಯ ಕೊಡುವುದು ಈ ದುಡ್ಡೇ. ಮೊದಲ ವರ್ಷದ ಕಮಿಷನ್ನಿನ ಮೇಲೆ ಬದುಕುವವರಿಗೆ ಒಂದು ಕಂಪನಿಯಿದ್ದರೂ ಇಪ್ಪತ್ತಿದ್ದರೂ ಈ ಮಾತು ಬಾಯಿಗೆ ಬರುವುದಿಲ್ಲ. ಎಲ್‌ಐಸಿಗೂ ಈ ಗುಟ್ಟು ಗೊತ್ತಿದೆ: ಬಿಮಾ ಸಖಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ಕೊಡುವಾಗ, ಹಿಂದಿನ ವರ್ಷದ ಪಾಲಿಸಿಗಳಲ್ಲಿ ಶೇ 65ರಷ್ಟಾದರೂ ಚಾಲ್ತಿಯಲ್ಲಿರಬೇಕು ಎಂಬ ಷರತ್ತನ್ನು ಅದು ಹಾಕಿದೆ.

ಪಾಲಿಸಿಗಳು ಯಾಕೆ ನಿಲ್ಲುತ್ತವೆ ಎಂಬ ಪ್ರಶ್ನೆಗೆ ನಮ್ಮ ಭಾಗದಲ್ಲಿ ಉತ್ತರ ಹುಡುಕಬೇಕಾದ್ದು ಕಂಪನಿಯ ಹೆಸರಿನಲ್ಲಲ್ಲ, ಕ್ಯಾಲೆಂಡರಿನಲ್ಲಿ. ಲಕ್ಕವಳ್ಳಿ, ರಂಗೇನಹಳ್ಳಿ ಕಡೆಯ ಅಡಿಕೆಯವರ ಕೈಯಲ್ಲಿ ದುಡ್ಡು ಓಡಾಡುವುದು ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಮಾಲು ಮಂಡಿಗೋ ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಹೋದ ಮೇಲೆ. ನಾಲೆಯ ಕೆಳಗಿನ ಗದ್ದೆಯವರು ಬೇಸಿಗೆ ಬೆಳೆಗೆ ಭದ್ರೆಯ ನೀರು ಬಿಡುತ್ತಾರೋ ಇಲ್ಲವೋ ಎಂದು ಜನವರಿಯಲ್ಲಿ ಕಾಯುತ್ತಾರೆ. ಅಜ್ಜಂಪುರದ ಈರುಳ್ಳಿಯವರದು ಮಳೆಗಾಲದ ಕೊನೆಯ ಜೂಜು. ಕಡೂರು ಬಯಲಿನ ತೆಂಗು, ರಾಗಿಯವರದು ಬೇರೆಯೇ ಲೆಕ್ಕ. ಆದರೆ ಪಾಲಿಸಿಗಳು ಹುಟ್ಟುವುದು ಹೆಚ್ಚಾಗಿ ಮಾರ್ಚ್‌ನಲ್ಲಿ, ಶಾಖೆಯ ಗುರಿ ಮುಗಿಯುವ ತಿಂಗಳಲ್ಲಿ. ಹಾಗಾಗಿ ಮುಂದಿನ ಕಂತೂ ಮಾರ್ಚ್‌ನಲ್ಲೇ ಬರುತ್ತದೆ, ಸೊಸೈಟಿ ಸಾಲ ತೀರಿಸುವ ಗಡಿಬಿಡಿಯ ನಡುವೆ. ವಾರ್ಷಿಕ ಕಂತಿಗೆ ಇರುವ ಹೆಚ್ಚುವರಿ ಕಾಲಾವಕಾಶ ಮೂವತ್ತು ದಿನ. ಅದು ದಾಟಿದರೆ ಲ್ಯಾಪ್ಸ್. ಐದು ವರ್ಷದೊಳಗೆ ಬಡ್ಡಿ ಕಟ್ಟಿ ಮತ್ತೆ ಚಾಲ್ತಿಗೆ ತರಬಹುದಾದರೂ ಮನಸ್ಸು ಒಮ್ಮೆ ಮುರಿದ ಮೇಲೆ ಆ ದಾರಿ ತುಳಿಯುವವರು ವಿರಳ. ಗಿರಾಕಿಯ ಬೆಳೆಯ ತಿಂಗಳು ನೋಡಿ ಪಾಲಿಸಿಯ ದಿನಾಂಕ ಇಡುವ ಬುದ್ಧಿ ಯಾವ ಆ್ಯಪಿಗೂ ಇಲ್ಲ. ಅದು ಊರಲ್ಲಿ ಹುಟ್ಟಿದವರ ಬಂಡವಾಳ.

ಕಂಪನಿ ಆರಿಸುವಾಗ ಹೊಸಬರು ಕೇಳಬೇಕಾದ ಪ್ರಶ್ನೆಗಳೂ ಇದೇ ದಿಕ್ಕಿನವು. ಹಣ ಕಟ್ಟಲು, ಸಾಲ ತೆಗೆಯಲು, ನಾಮಿನಿ ಬದಲಿಸಲು, ಕ್ಲೇಮಿನ ಕಾಗದ ಕೊಡಲು ತರೀಕೆರೆ, ಕಡೂರು, ಶಿವಮೊಗ್ಗಗಳಲ್ಲಿ ಎಲ್ಲಿಯಾದರೂ ಅವರ ಕಚೇರಿ ಇದೆಯೇ? ಆರೋಗ್ಯ ವಿಮೆಯಾದರೆ, ನಮ್ಮವರು ರಾತ್ರಿ ಹೊತ್ತು ಓಡುವ ಶಿವಮೊಗ್ಗದ ಆಸ್ಪತ್ರೆಗಳಲ್ಲಿ ನಗದುರಹಿತ ಸೌಲಭ್ಯ ಇದೆಯೇ? ಬೆಂಗಳೂರಿನ ಪಟ್ಟಿ ಎಷ್ಟು ಉದ್ದವಿದ್ದರೂ ಲಕ್ಕವಳ್ಳಿಗೆ ಉಪಯೋಗವಿಲ್ಲ. ಇನ್ನು ಪ್ರಪೋಸಲ್ ಫಾರಂ. ಇಂಗ್ಲಿಷಿನಲ್ಲಿ ತುಂಬಿ ಕನ್ನಡದಲ್ಲಿ ಸಹಿ ಹಾಕಿಸುವ ಆ ಕಾಗದದಲ್ಲೇ ಮುಂದಿನ ಅರ್ಧ ಜಗಳಗಳು ಬೀಜದಂತೆ ಕೂತಿರುತ್ತವೆ. ಜೀವ ವಿಮೆಯಲ್ಲಿ ಮೂರು ವರ್ಷ ದಾಟಿದರೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಅದಕ್ಕೂ ಮೊದಲು ಸಾವು ಬಂದರೆ, ಸಕ್ಕರೆ ಕಾಯಿಲೆಯ ಕಾಲಂನಲ್ಲಿ ಏಜೆಂಟ್ ‘ಇಲ್ಲ’ ಎಂದು ಗೀಚಿದ್ದು ವಿಧವೆಯ ಕುತ್ತಿಗೆಗೆ ಬರುತ್ತದೆ. ಪೇಟೆಯಲ್ಲಾದರೆ ಏಜೆಂಟ್ ಫೋನ್ ನಂಬರು ಬದಲಿಸಬಹುದು. ಹಳ್ಳಿಯಲ್ಲಿ, ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬಂತೆ, ಸಂತೆಯಲ್ಲಿ ಮುಖ ತೋರಿಸಲೇಬೇಕು.

ನನ್ನ ಈ ವಾದಕ್ಕೊಂದು ಗಟ್ಟಿ ಆಕ್ಷೇಪವಿದೆ. ಒಂದೇ ಕಂಪನಿಗೆ ಸೇರಿದವರು ಗಿರಾಕಿಗೆ ಒಳ್ಳೆಯದನ್ನಲ್ಲ, ತಮ್ಮ ಬಳಿ ಇರುವುದನ್ನು ಕೊಡುತ್ತಾರೆ. ಹೋಲಿಸಿ ನೋಡುವ ಅವಕಾಶ ಗಿರಾಕಿಗೆ ಬೇಡವೇ? ಬೇಕು. ವ್ಯಕ್ತಿ ಏಜೆಂಟರಿಗೆ ಪ್ರತಿ ಬಾಬಿನಲ್ಲಿ ಒಂದೇ ಕಂಪನಿ ಎಂಬ ಬೇಲಿಯನ್ನು ಸಡಿಲಿಸಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಬ್ಯಾಂಕುಗಳಂಥ ಕಾರ್ಪೊರೇಟ್ ಏಜೆಂಟರಿಗೆ 2022ರಿಂದ ಪ್ರತಿ ಬಾಬಿನಲ್ಲಿ ಒಂಬತ್ತು ಕಂಪನಿಗಳವರೆಗೆ ಅವಕಾಶ ಕೊಟ್ಟು, ಬೈಕಿನಲ್ಲಿ ಮನೆಮನೆ ಅಲೆಯುವವರಿಗೆ ಒಂದೇ ಎನ್ನುವುದು ಯಾವ ನ್ಯಾಯ? ಆದರೆ ಬೇಲಿ ಬಿದ್ದರೆ ಗಿರಾಕಿಗೆ ತಾನಾಗಿ ಒಳಿತಾಗುತ್ತದೆ ಎಂದು ನಾನು ನಂಬುವುದಿಲ್ಲ. ಒಂಬತ್ತು ಕಂಪನಿ ಇಟ್ಟುಕೊಂಡ ಬ್ಯಾಂಕಿನ ಕೌಂಟರಿನಲ್ಲಿ ಸಾಲ ಕೇಳಲು ಹೋದವರಿಗೆ ಒಂಬತ್ತು ಪಾಲಿಸಿ ಹೋಲಿಸಿ ತೋರಿಸುತ್ತಾರೆಯೇ? ಎರಡು ಕಂಪನಿಗಳಲ್ಲಿ ಯಾವುದು ಹೆಚ್ಚು ಕಮಿಷನ್ ಕೊಡುತ್ತದೋ ಅದರ ಕಡೆಗೆ ಕೈ ಹೋಗುವುದು ಮನುಷ್ಯ ಸಹಜ. ಸರಳ ಟರ್ಮ್ ಪಾಲಿಸಿ ಸಾಕಾಗುವವರಿಗೆ ಮನಿಬ್ಯಾಕ್ ಹೊರಿಸದಿರಲು ಹತ್ತು ಕಂಪನಿ ಬೇಕಿಲ್ಲ. ಆ ಎರಡೂ ಒಂದೇ ಕಂಪನಿಯಲ್ಲಿ ಸಿಗುತ್ತವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಷ್ಟದ್ದು. ಕಂಪನಿಯನ್ನು ನಂಬಿ ಕೂತವರ ಅನ್ನ ಕಂಪನಿಯ ಕೈಯಲ್ಲಿರುತ್ತದಲ್ಲ? ಹೌದು, ಪುರಾವೆಯೂ ಇದೆ. ಪಾಲಿಸಿ ಬಿಟ್ಟವರಿಗೆ ಹೆಚ್ಚು ಹಣ ಮರಳಿಸುವ ನಿಯಮ 2024ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಎಲ್‌ಐಸಿ ಮೊದಲ ವರ್ಷದ ಕಮಿಷನ್ ತಗ್ಗಿಸಿತು, ಎಂಡೋಮೆಂಟ್ ಪಾಲಿಸಿಯ ಕನಿಷ್ಠ ವಿಮಾ ಮೊತ್ತವನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. ಕೂಲಿ ಮಾಡುವವರ ನಡುವೆ ಕೆಲಸ ಮಾಡುವ ಏಜೆಂಟರಿಗೆ ಎರಡನೆಯದೇ ದೊಡ್ಡ ಪೆಟ್ಟು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ಹೋಯಿತು. ಗಿರಾಕಿಗೆ ಸಂತೋಷದ ಸುದ್ದಿ. ಆದರೆ ಹೂಡುವಳಿ ತೆರಿಗೆ ಜಮೆಯ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸೌಲಭ್ಯ ಕಳೆದುಕೊಂಡ ಹಲವು ಕಂಪನಿಗಳು ಆ ಹೊರೆಯನ್ನು ಮಾರುವವರ ಕಮಿಷನ್ನಿಗೆ ವರ್ಗಾಯಿಸಿದವು. ಗಮನಿಸಬೇಕಾದ್ದೆಂದರೆ, ಆ ಹೊಡೆತ ಬ್ರೋಕರ್, ಆ್ಯಪ್ ಎಂದು ನೋಡದೆ ಎಲ್ಲರ ಮೇಲೂ ಬಿತ್ತು. ಹಲವು ಕಂಪನಿ ಹಿಡಿದವರಿಗೆ ಅದು ಕೊಡೆಯಾಗಲಿಲ್ಲ. ಎಲ್‌ಐಸಿ ಅದೇ 2024ರಲ್ಲಿ ನವೀಕರಣದ ಪಾಲನ್ನು ಏರಿಸಿದ್ದರಿಂದ, ಪಾಲಿಸಿ ಉಳಿಸಿಕೊಳ್ಳುವವರಿಗೆ ಮೊದಲ ವರ್ಷದ ಕಮಿಷನ್ ತಗ್ಗಿದ ಹೊಡೆತ ಅಷ್ಟು ನೋಯಲಿಲ್ಲ. ಮಾರಿ ಮರೆಯುವವರಿಗೆ ನೋಯಿತು.

ಹಳ್ಳಿಗೆ ಹತ್ತು ಏಜೆಂಟರಿದ್ದಾರೆ, ಹೊಸಬರಿಗೆ ಜಾಗವೆಲ್ಲಿ ಎಂಬ ಮಾತಂತೂ ಇದ್ದೇ ಇದೆ. ಏಜೆಂಟರು ಹತ್ತಿರಬಹುದು, ಕ್ಲೇಮಿನ ಕಾಗದ ಹಿಡಿದು ಜತೆಗೆ ಬರುವವರು ಎಷ್ಟು? ಅಡಿಕೆಗೆ ಹವಾಮಾನ ಆಧಾರಿತ ವಿಮೆ ಕಟ್ಟುವ ಕೊನೆಯ ದಿನ ಯಾವುದು ಎಂದು ರೈತರು ಕೇಳಿದರೆ ‘ಅದು ನಮ್ಮದಲ್ಲ’ ಎನ್ನುವ ಏಜೆಂಟರೇ ಹೆಚ್ಚು. ನಿಜ, ಆ ವಿಮೆ ನಡೆಯುವುದು ಹೆಚ್ಚಾಗಿ ಬ್ಯಾಂಕು, ಸೊಸೈಟಿ, ಗ್ರಾಮ ಒನ್ ಮೂಲಕ. ಜೀವ ವಿಮಾ ಏಜೆಂಟರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಆದರೂ ಆ ದಿನಾಂಕ ಹೇಳಿಕೊಟ್ಟವರ ಹತ್ತಿರವೇ ಆ ರೈತರು ಮುಂದೆ ಮಗಳ ಹೆಸರಿನ ಪಾಲಿಸಿಗೆ ಬರುತ್ತಾರೆ. ಮೊದಲ ಕಂತಿನಲ್ಲಿ ಅರ್ಧ ನಾನೇ ಕಟ್ಟುತ್ತೇನೆ ಎಂದು ಗಿರಾಕಿ ಹಿಡಿಯುವ ಹಳೆಯ ಚಾಳಿ ಬೇಡ. ಅದು ಕಾನೂನಿನ ಪ್ರಕಾರ ಅಪರಾಧ, ದಂಡ 10 ಲಕ್ಷದವರೆಗೆ ಹೋಗಬಹುದು; ಅಲ್ಲದೆ ಅರ್ಧ ಬೆಲೆಗೆ ಕೊಂಡ ಪಾಲಿಸಿಗೆ ಎರಡನೇ ವರ್ಷ ಪೂರ್ತಿ ಬೆಲೆ ಕೊಡಲು ಯಾರೂ ಬರುವುದಿಲ್ಲ.

ಆದ್ದರಿಂದ ಲಕ್ಕವಳ್ಳಿಯ ಹೊಸ ಏಜೆಂಟರಿಗೆ ನನ್ನ ಸಲಹೆ: ಹತ್ತಿರದಲ್ಲಿ ಶಾಖೆಯಿರುವ ಒಂದು ಜೀವ ವಿಮಾ ಕಂಪನಿ, ಶಿವಮೊಗ್ಗದ ಆಸ್ಪತ್ರೆಗಳು ಒಪ್ಪುವ ಒಂದು ಆರೋಗ್ಯ ವಿಮಾ ಕಂಪನಿ, ವಾಹನಗಳಿಗೆ ಒಂದು ಸಾಮಾನ್ಯ ವಿಮಾ ಕಂಪನಿ, ಇಷ್ಟನ್ನು ಹಿಡಿಯಿರಿ, ಆ್ಯಪಿನ ‘ಸ್ವಾತಂತ್ರ್ಯ’ ಐದು ವರ್ಷ ಕಾಯಲಿ. ಮೊದಲ ಆಯ್ಕೆ ತಪ್ಪಾದರೆ ಬದಲಿಸಬಹುದು. ಆದರೆ ಹಳೆಯ ಕಂಪನಿ ಬಿಡುಗಡೆ ಪತ್ರ ಕೊಟ್ಟು 90 ದಿನ ಕಳೆದ ಮೇಲಷ್ಟೇ ಅದೇ ಬಾಬಿನ ಬೇರೆ ಕಂಪನಿ ಸೇರಿಸಿಕೊಳ್ಳುತ್ತದೆ, ನೀವು ಮಾಡಿಸಿದ ಪಾಲಿಸಿಗಳು ಹಳೆಯ ಕಂಪನಿಯಲ್ಲೇ ಉಳಿಯುತ್ತವೆ. ಅವುಗಳ ನವೀಕರಣದ ಕಮಿಷನ್ ನಿಮಗೆ ಬರುತ್ತದೆಯೋ ಇಲ್ಲವೋ ಎಂಬುದು ನೇಮಕಾತಿಯ ಷರತ್ತುಗಳಲ್ಲಿ ಬರೆದಿರುತ್ತದೆ. ಸಹಿ ಹಾಕುವ ಮುನ್ನ ಆ ಪುಟವನ್ನು ಓದಿಸಿಕೊಳ್ಳಿ, ಕನ್ನಡದಲ್ಲಿ.